ಪಿಎಚ್‌ಡಿ ಮುಗಿಯಿತು, ಮುಂದಿನ ಎರಡು ವರ್ಷ ಯಾವುದಕ್ಕೆ ಕೊಡಲಿ?

ಕೆರೆದಂಡೆ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

ನನ್ನ ವಿಷಯ ಇತಿಹಾಸ. ವಯಸ್ಸು 33. ಊರು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕು. ಹೋದ ವರ್ಷ ವೈವಾ ಮುಗಿದು ಪಿಎಚ್‌ಡಿ ಬಂತು. ನಮ್ಮ ಸೀಮೆ ಮುಂಬೈ ಸರ್ಕಾರದ ಕೈಯಲ್ಲಿದ್ದ ಕಾಲದಲ್ಲಿ ಊರ ಕೆರೆಗಳ ದುರಸ್ತಿ ಯಾರು ಮಾಡಿಸುತ್ತಿದ್ದರು, ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ಹುಡುಕಿದ್ದೇನೆ. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಲ್ಲಿ ನಮ್ಮ ರಾಜ್ಯದ ಕೆ-ಸೆಟ್ ಆಗಿದೆ, ದೇಶಮಟ್ಟದ ನೆಟ್ ಆಗಿಲ್ಲ. ಈಗ ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ರೂಮ್ ಇರುವುದು ಧಾರವಾಡದ ಸಪ್ತಾಪುರದಲ್ಲಿ. ಲೈಬ್ರರಿ ಹತ್ತಿರ ಅಂತ ಬಿಡಲು ಮನಸ್ಸಿಲ್ಲ. ಬೆಳಗ್ಗೆ ಆರಕ್ಕೆ ಹೊರಟು ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಕಾಲೇಜು ಮುಟ್ಟುವಾಗ ಒಂಬತ್ತು ದಾಟಿರುತ್ತದೆ. ವಾರಕ್ಕೆ ಐದು ದಿನ ಹೀಗೆ. ರಾತ್ರಿ ರೂಮಿಗೆ ಬಂದು ಖಾನಾವಳಿ ಡಬ್ಬಿ ಬಿಚ್ಚಿದರೆ ಕಣ್ಣು ತಾನಾಗಿ ಮುಚ್ಚುತ್ತವೆ.

ಪ್ರಬಂಧದ ಐದು ಪ್ರತಿ ಬೈಂಡ್ ಮಾಡಿಸಿದ್ದೆ, ಕೆಂಪು ರೆಕ್ಸಿನ್, ಬಂಗಾರದ ಅಕ್ಷರ. ಒಂದನ್ನು ಅವ್ವ ದೇವರ ಜಗುಲಿ ಮೇಲೆ ಇಟ್ಟಿದ್ದಾಳೆ. ಹಬ್ಬ ಬಂದಾಗಲೆಲ್ಲ ಅದಕ್ಕೂ ಅರಿಶಿನ ಕುಂಕುಮ. ಒಳಗಿನ 312 ಪುಟ ಓದಿದವರು ಮಾತ್ರ ಗೈಡ್ ಮತ್ತು ಪರೀಕ್ಷಕರು. ಅದರಿಂದ ಒಂದೂ ಲೇಖನ ಹೊರಗೆ ಬಂದಿಲ್ಲ. ಇದು ನನಗೆ ನಿಜವಾಗಿ ನೋವಾಗುವ ವಿಷಯ.

ಈಗ ನನ್ನ ಪ್ರಶ್ನೆಗಳು. ದಿನಾ ಮೇಲ್ ಬರುತ್ತಿವೆ. ಎರಡೂವರೆ ಸಾವಿರ ಕಟ್ಟಿದರೆ ಮೂರು ದಿನದಲ್ಲಿ ಪ್ರಕಟ ಮಾಡುತ್ತಾರಂತೆ. ಜೊತೆಗೆ ಪಾಠ ಮಾಡುವವರೊಬ್ಬರು ಹಾಗೇ 22 ಲೇಖನ ಮಾಡಿಸಿದ್ದಾರೆ. ನಾನೂ ಕಟ್ಟಿಬಿಡಲಾ? ಪ್ರಬಂಧವನ್ನು ಇದ್ದ ಹಾಗೇ ಪುಸ್ತಕ ಮಾಡುತ್ತೇವೆ ಅಂತ ಒಬ್ಬ ಪ್ರಕಾಶಕರು ದುಡ್ಡು ಕೇಳುತ್ತಿದ್ದಾರೆ. ಯಾವ ಲೇಖನ ಬರೆದರೂ ತಮ್ಮ ಹೆಸರು ಮೊದಲು ಇರಲಿ ಅನ್ನುವುದು ಗೈಡ್ ಮಾತು. ನೆಟ್‌ಗೆ ಮತ್ತೆ ಓದಲಾ, ಬೇಡವಾ? ಮನೆಯಲ್ಲಿ ದಿನಾ ಒಂದೇ ಮಾತು, "ಡಾಕ್ಟರ್ ಆದಿ, ನೌಕರಿ ಯಾವಾಗ ಆಕ್ಕೈತವಾ?"

ಎರಡು ವರ್ಷ ಹೇಗೋ ತಡೆದುಕೊಳ್ಳಬಲ್ಲೆ. ಆ ಎರಡು ವರ್ಷ ಯಾವುದಕ್ಕೆ ಕೊಡಬೇಕು ಅಂತ ತಿಳಿದವರು ಹೇಳಿ.

ಬೆಟಗೇರಿ ಮಗ್ಗ:

ದಯವಿಟ್ಟು ದುಡ್ಡು ಕಟ್ಟಬೇಡಿ. ಉಳಿದ ಪ್ರಶ್ನೆಗೆ ದೊಡ್ಡವರು ಉತ್ತರ ಕೊಡಲಿ, ಇದಕ್ಕೆ ಮಾತ್ರ ನಾನು ಹೇಳುತ್ತೇನೆ.

ಗದಗಿನಲ್ಲಿ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕನಾಗಿದ್ದೇನೆ. ಮೊದಲ ನಾಲ್ಕು ವರ್ಷದಲ್ಲಿ 14 ಲೇಖನಕ್ಕೆ ದುಡ್ಡು ಕಟ್ಟಿದೆ. ಸಂಬಳ ಬಂದ ದಿನವೇ ಕಟ್ಟುತ್ತಿದ್ದೆ. ಹೆಂಡತಿಗೆ ಹೇಳುತ್ತಿರಲಿಲ್ಲ. ಒಂದು ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೋದಾಗ ಎದುರು ಕೂತ ಮೇಡಂ ಫೈಲ್ ತಿರುವಿ ಒಂದು ಲೇಖನದ ಮೇಲೆ ಬೆರಳಿಟ್ಟರು. "ಇದರಲ್ಲಿ ನೀವು ಹೊಸದಾಗಿ ಏನು ಕಂಡುಹಿಡಿದಿರಿ, ಎರಡು ವಾಕ್ಯದಲ್ಲಿ ಹೇಳಿ" ಅಂದರು. ನನಗೆ ಹೇಳಲು ಆಗಲಿಲ್ಲ. ಅದರಲ್ಲಿ ಹೊಸದು ಏನೂ ಇರಲಿಲ್ಲ. ಅವತ್ತು ಹುಬ್ಬಳ್ಳಿ ಸ್ಟೇಷನ್‌ನಲ್ಲಿ ಗದಗ ಗಾಡಿ ಬರುವ ತನಕ ಬೆಂಚಿನ ಮೇಲೆ ಕೂತೇ ಇದ್ದೆ. ಹೋದದ್ದು ದುಡ್ಡು ಮಾತ್ರ ಅಲ್ಲ. ಆ ನಾಲ್ಕು ವರ್ಷ ಒಂದೇ ಒಂದು ಲೇಖನ ಕಷ್ಟಪಟ್ಟು ಬರೆದಿದ್ದರೆ ಬರೆಯುವುದನ್ನಾದರೂ ಕಲಿತಿರುತ್ತಿದ್ದೆ.

ಯಲ್ಲಾಪುರ ಓಣಿ:

ಒಳ್ಳೆಯ ಸಂಶೋಧನಾ ಪತ್ರಿಕೆಗಳ ಹೆಸರಿರುವ ಕೇರ್ ಪಟ್ಟಿ ನೋಡಿ ಆರಿಸಿಕೊಳ್ಳಿ, ಅದರಲ್ಲಿ ಇಲ್ಲದ್ದು ಬೇಡ.

ಬೆಟಗೇರಿ ಮಗ್ಗ:

ಅದು ಈಗ ಇಲ್ಲ ಸರ್. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಆ ಪಟ್ಟಿ ನಿಲ್ಲಿಸಿದ್ದೇವೆ ಅಂತ 2025ರ ಫೆಬ್ರವರಿಯಲ್ಲಿ ಪ್ರಕಟಣೆ ಹೊರಡಿಸಿತು. ಪತ್ರಿಕೆ ಹೇಗಿರಬೇಕು ಅನ್ನುವುದಕ್ಕೆ ಕೆಲವು ಲಕ್ಷಣ ಹೇಳಿ, ತೂಗಿ ನೋಡುವ ಜವಾಬ್ದಾರಿಯನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿದೆ. ಇನ್ನೂ "ಕೇರ್ ಮಾನ್ಯತೆ" ಅಂತ ಮುಖಪುಟದಲ್ಲಿ ಹಾಕಿಕೊಂಡು ದುಡ್ಡು ಕೇಳುವವರನ್ನು ಕಂಡರೆ ಅಲ್ಲಿಂದಲೇ ಹಿಂದೆ ಸರಿಯಿರಿ.

ಕಲ್ಯಾಣನಗರ ಮೇಷ್ಟ್ರು:

ತಂಗಿ, ನಾನು ನಿವೃತ್ತಿಯಾಗಿ ಆರು ವರ್ಷ ಆಯಿತು. ಆಯ್ಕೆ ಸಮಿತಿಗಳಲ್ಲಿ ಕೂತಿದ್ದೇನೆ. ನಿಮ್ಮ ಹಾಗೆ ದಣಿದು ಬಂದವರನ್ನು ಬಹಳ ನೋಡಿದ್ದೇನೆ. ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಮೊದಲು ಲೆಕ್ಕ ತಿಳಿದುಕೊಳ್ಳಿ. ಯಾವುದಕ್ಕೆ ಎಷ್ಟು ಅಂಕ ಅಂತ ಗೊತ್ತಿಲ್ಲದೆ ಓಡುವುದರಿಂದಲೇ ಅರ್ಧ ದಣಿವು. ಯುಜಿಸಿಯ 2018ರ ನಿಯಮಾವಳಿಯಲ್ಲಿ, ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅನ್ನುವುದಕ್ಕೆ 100 ಅಂಕದ ಒಂದು ಕೋಷ್ಟಕ ಇದೆ. ಅದರಲ್ಲಿ ಪಿಎಚ್‌ಡಿಗೆ 30. ನೆಟ್ ಜೊತೆ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್ ಇದ್ದರೆ 7, ಬರೀ ನೆಟ್ ಆದರೆ 5, ಸೆಟ್ ಆದರೆ 3. ಪಾಠ ಮಾಡಿದ ಅನುಭವಕ್ಕೆ ವರ್ಷಕ್ಕೆ 2, ಎಷ್ಟೇ ವರ್ಷ ಆದರೂ 10 ಮೀರುವುದಿಲ್ಲ. ಲೇಖನಕ್ಕೆ ತಲಾ 2, ಅದಕ್ಕೂ ಮಿತಿ 10. ಅಂದರೆ ಐದು ಲೇಖನ. ಆರನೆಯದಕ್ಕೆ ಒಂದು ಅಂಕವೂ ಇಲ್ಲ. ಕಾಲೇಜುಗಳ ಕೋಷ್ಟಕದಲ್ಲಿ ಲೇಖನಕ್ಕೆ ಇರುವುದು ಒಟ್ಟು 6 ಅಂಕ, ಮೂರು ಲೇಖನಕ್ಕೆ ಮುಗಿಯಿತು. ನಿಮ್ಮ ಜೊತೆಯವರ 22 ಲೇಖನದಲ್ಲಿ 17 ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇನ್ನು ಈ ಅಂಕದಿಂದ ಸಿಗುವುದು ಒಳಗೆ ಹೋಗಲು ಬಾಗಿಲು ಮಾತ್ರ. ಆಯ್ಕೆ ಆಗುವುದು ಸಂದರ್ಶನದಲ್ಲಿ. ಅಲ್ಲಿ ಬೆಟಗೇರಿಯವರಿಗೆ ಕೇಳಿದ ಪ್ರಶ್ನೆಯನ್ನೇ ಎಲ್ಲರಿಗೂ ಕೇಳುತ್ತಾರೆ.

ಸರ್ಕಾರಿ ಪದವಿ ಕಾಲೇಜಿನ ದಾರಿ ಬೇರೆ. ಅಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಲಿಖಿತ ಪರೀಕ್ಷೆ ಮಾಡುತ್ತದೆ. 2021ರಲ್ಲಿ ಅಧಿಸೂಚನೆ ಆದ 1,242 ಹುದ್ದೆಗಳಿಗೆ ಹಾಗೇ ಆಯಿತು. ಅಲ್ಲಿ ನಿಮ್ಮ ಲೇಖನದ ಕಟ್ಟು ಯಾರೂ ಬಿಚ್ಚುವುದಿಲ್ಲ. ಅದಕ್ಕೆ ಬೇಕಾದದ್ದು ವಿಷಯದ ಮೇಲಿನ ಹಿಡಿತ. ನೆಟ್‌ಗೆ ಓದುವುದೂ ಅದೇ. ಹಾಗಾಗಿ ನೆಟ್ ಬರೆಯಿರಿ. ಸೆಟ್‌ಗೆ ಮಾನ್ಯತೆ ಇರುವುದು ಆಯಾ ರಾಜ್ಯದೊಳಗೆ ಮಾತ್ರ. ನೆಟ್ ಇದ್ದರೆ ಗೋವಾ, ಮಹಾರಾಷ್ಟ್ರ, ಹೈದರಾಬಾದ್ ಎಲ್ಲ ತೆರೆಯುತ್ತದೆ. ವರ್ಷಕ್ಕೆ ಎರಡು ಸಲ ಇರುತ್ತದೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿಯೂ ಇಲ್ಲ. ಪಿಎಚ್‌ಡಿ ಮಾಡಿದವರಿಗೆ ವಿಷಯದ ಮೇಲಿನ ಎರಡನೇ ಪತ್ರಿಕೆಯ ಅರ್ಧ ಓದು ಆಗಿಯೇ ಇರುತ್ತದೆ. ಕೋಚಿಂಗ್ ಬೇಡ. ಹಳೇ ಪ್ರಶ್ನೆಪತ್ರಿಕೆ ಬಿಡಿಸಿ ಸಾಕು. ಆದರೆ ಅದಕ್ಕೆ ವರ್ಷಪೂರ್ತಿ ಕೊಡಬೇಡಿ, ಪರೀಕ್ಷೆಗೆ ಮೊದಲಿನ ಎಂಟು ವಾರ ಕೊಡಿ.

ಇಷ್ಟು ಲೆಕ್ಕ ಹಾಕಿದರೆ ಉಳಿದದ್ದು ಏನು ನೋಡಿ. ಎರಡು ವರ್ಷದಲ್ಲಿ ನೀವು ಬರೆಯಬೇಕಾದದ್ದು ಮೂರು ಒಳ್ಳೆಯ ಲೇಖನ, ಹೆಚ್ಚೆಂದರೆ ಐದು. ಇದು ಆಗದ ಮಾತಲ್ಲ. ಮೂರೇ ಬರೆದರೂ ಪ್ರತಿಯೊಂದರ ಬಗ್ಗೆಯೂ ಅರ್ಧ ತಾಸು ತಲೆ ಎತ್ತಿ ಮಾತಾಡಲು ಬರಬೇಕು.

ಗೈಡ್ ವಿಷಯ. ಇದನ್ನು ಜಗಳ ಮಾಡಿಕೊಳ್ಳಬೇಡಿ, ಆದರೆ ಬಿಟ್ಟುಕೊಡಲೂ ಬೇಡಿ. ಇತಿಹಾಸದಲ್ಲಿ ಲೇಖನ ಯಾರು ಬರೆದರೋ ಅವರ ಒಬ್ಬರ ಹೆಸರಲ್ಲೇ ಬರುವುದು ರೂಢಿ. ವಿಜ್ಞಾನದಲ್ಲಿ ಲ್ಯಾಬ್, ಗ್ರಾಂಟ್ ಎಲ್ಲ ಗೈಡ್ ಅವರದ್ದು, ಅಲ್ಲಿನ ಮಾತು ಬೇರೆ. ಮೊದಲ ಲೇಖನ ನೀವೊಬ್ಬರೇ ಬರೆದು, ಕೊನೆಯಲ್ಲಿ ಅವರಿಗೆ ಕೃತಜ್ಞತೆ ಹೇಳಿ, ಪ್ರತಿ ತೆಗೆದುಕೊಂಡು ಅವರ ಮನೆಗೆ ಹೋಗಿ. "ಸರ್, ಇದು ನನ್ನ ಮೊದಲನೆಯದು, ಒಬ್ಬಳೇ ನಿಲ್ಲಬೇಕು ಅಂತ ಆಸೆ, ನೀವು ತಿದ್ದಿಕೊಡಿ" ಅನ್ನಿ. ಎದುರಿಗೆ ಕೂತು ಕೇಳಿದರೆ ಬಹಳ ಜನ ಒಪ್ಪುತ್ತಾರೆ. ಮುಂದೆ ಯಾವಾಗಲಾದರೂ ಅವರೂ ನಿಜವಾಗಿ ಬರೆದರೆ ಇಬ್ಬರ ಹೆಸರೂ ಇರಲಿ. ಅದೇ ನಿಯಮಾವಳಿಯ ಸಂಶೋಧನಾ ಅಂಕದ ಕೋಷ್ಟಕದ ಪ್ರಕಾರ ಲೇಖಕರು ಇಬ್ಬರೇ ಆದರೆ ತಲಾ ಶೇ. 70 ಅಂಕ ಸಿಗುತ್ತದೆ. ಅವರ ಹೆಸರು ಎರಡನೆಯದಾದರೆ ಅವರಿಗೆ ನಷ್ಟ ಏನಿಲ್ಲ, ಇದನ್ನೂ ಮೆಲ್ಲಗೆ ತಿಳಿಸಿ.

ಈಗ ನಾನು ಒಂದು ಕೇಳುತ್ತೇನೆ. 312 ಪುಟದಲ್ಲಿ ನಿಮಗೆ ಅತಿ ಇಷ್ಟವಾದ ಒಂದು ಪುಟ ಯಾವುದು? ಅಧ್ಯಾಯ ಅಲ್ಲ, ಒಂದು ಪುಟ.

ಹಾವೇರಿ ಅಕ್ಕ:

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಬರೆಯಲು ತಾಸು ಎಲ್ಲಿಂದ ತರುವುದು? ಅದನ್ನು ನಾನು ಹೇಳುತ್ತೇನೆ.

ನಿಮ್ಮ ಕಾರ್ಯಭಾರ ವಾರಕ್ಕೆ 15 ತಾಸು ಇರಬೇಕು ಅಲ್ವಾ? ಅದನ್ನು ಐದು ದಿನಕ್ಕೆ ಹರಡಬೇಕು ಅಂತ ಎಲ್ಲೂ ಬರೆದಿಲ್ಲ. ಟೈಮ್‌ಟೇಬಲ್ ಮಾಡುವವರ ಹತ್ತಿರ ಸೆಮಿಸ್ಟರ್ ಶುರುವಾಗುವ ಮೊದಲೇ ಹೋಗಿ ನಾಲ್ಕು ದಿನಕ್ಕೆ ಹೊಂದಿಸಿಕೊಡಿ ಅಂತ ಕೇಳಿ. ನಾನು ಅತಿಥಿ ಆಗಿದ್ದಾಗ ಹೀಗೇ ಮಾಡಿದೆ. ಬೇರೆಯವರು ಬೇಡ ಅನ್ನುವ ಶನಿವಾರದ ಮೊದಲ ಪಿರಿಯಡ್ ನಾನು ತೆಗೆದುಕೊಂಡೆ, ಬದಲಿಗೆ ಬುಧವಾರ ಗುರುವಾರ ಬಿಡಿಸಿಕೊಂಡೆ. ಆ ಎರಡು ದಿನ ಫೋನ್ ಸೈಲೆಂಟ್.

ಎರಡನೆಯದು, ಹಾವೇರಿಯಲ್ಲೇ ರೂಮ್ ಮಾಡಿ. ಧಾರವಾಡದ ಲೈಬ್ರರಿ ಹತ್ತಿರ ಇದೆ ಅನ್ನುತ್ತೀರಿ, ಆದರೆ ಒಳಗೆ ಕಾಲಿಟ್ಟು ಎಷ್ಟು ದಿನ ಆಯಿತು? ದಿನಾ ಆರು ತಾಸು ಬಸ್ಸಿನಲ್ಲಿ ಹೋಗುತ್ತಿದೆ. ಹಾವೇರಿಯಲ್ಲಿ ಬಾಡಿಗೆಯೂ ಕಮ್ಮಿ. ಬಿಡುವಿನ ಎರಡು ದಿನಕ್ಕೆ ಧಾರವಾಡಕ್ಕೆ ಬನ್ನಿ, ಲೈಬ್ರರಿ ತೆರೆಯುವ ಹೊತ್ತಿಗೆ ಕೂತು ಮುಚ್ಚುವಾಗ ಎದ್ದು ಬನ್ನಿ. ಈಗ ಕೆಲಸ ಒಂದು ಊರಲ್ಲಿ, ಹಾಸಿಗೆ ಒಂದು ಊರಲ್ಲಿ, ನೀವು ಮಾತ್ರ ಎಲ್ಲೂ ಇಲ್ಲ.

ಒಂದು ಸಣ್ಣ ಮಾತು, ಮರೆಯಬೇಡಿ. ಪ್ರತಿ ವರ್ಷದ ಕೊನೆಗೆ ಅನುಭವ ಪ್ರಮಾಣಪತ್ರಕ್ಕೆ ಪ್ರಾಂಶುಪಾಲರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಯಾವ ತಾರೀಕಿನಿಂದ ಯಾವ ತಾರೀಕು, ವಾರಕ್ಕೆ ಎಷ್ಟು ತಾಸು, ಆದೇಶದ ಸಂಖ್ಯೆ, ಎಲ್ಲ ಅದರಲ್ಲಿ ಇರಲಿ. ಪ್ರಾಂಶುಪಾಲರು ವರ್ಗವಾದ ಮೇಲೆ ಎರಡು ವರ್ಷದ ಪತ್ರಕ್ಕೆ ನಾನು ಎಂಟು ಸಲ ಅಲೆದಿದ್ದೇನೆ.

ಕೆರೆದಂಡೆ:

ಅಕ್ಕಾರೆ, "ನೀವು ಮಾತ್ರ ಎಲ್ಲೂ ಇಲ್ಲ" ಅನ್ನುವುದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಿಜ. ಲೈಬ್ರರಿಗೆ ಹೋಗಿ ಮೂರು ತಿಂಗಳಾಯಿತು.

ಮೇಷ್ಟ್ರ ಪ್ರಶ್ನೆಗೆ ಉತ್ತರ ಯೋಚಿಸಬೇಕಾಗಲೇ ಇಲ್ಲ. 187ನೇ ಪುಟ.

ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಇದೆ. 1956ರ ತನಕ ನಾವು ಮುಂಬೈಗೆ ಸೇರಿದ್ದವರು, ನಮ್ಮ ಊರುಗಳ ಹಳೇ ಕಾಗದ ಬಹಳಷ್ಟು ಅಲ್ಲೇ. ಹನ್ನೊಂದು ದಿನ ಅಲ್ಲಿ ಕೂತಿದ್ದೆ. ಕಂದಾಯ ದಫ್ತರದ ಒಂದು ಕಟ್ಟಿನಲ್ಲಿ ನಮ್ಮೂರ ಪಕ್ಕದ ಊರಿನ ಕೆರೆಯ ಹೆಸರು ಸಿಕ್ಕಿತು. ಹಾಳೆ ಎಷ್ಟು ಒಣಗಿತ್ತೆಂದರೆ ತಿರುವಿದಾಗ ಅಂಚು ಹಪ್ಪಳದ ಹಾಗೆ ಮುರಿಯುತ್ತಿತ್ತು. ಹೂಳು ತೆಗೆದ ಕೂಲಿಯನ್ನು ಸರ್ಕಾರ ರೊಕ್ಕದಲ್ಲಿ ಕೊಟ್ಟಿತು ಅಂತ ಲೆಕ್ಕ ಬರೆದಿದ್ದರು, ಆಣೆ ಪೈಸೆ ಸಮೇತ.

ಆ ಊರಿಗೆ ಹೋದೆ. ಕೆರೆ ತೂಬು ನೋಡಿಕೊಳ್ಳುತ್ತಿದ್ದ ಮನೆತನದ ಅಜ್ಜ ಒಬ್ಬರು, ಎಂಬತ್ತರ ಮೇಲೆ ವಯಸ್ಸು. ದಂಡೆ ಮೇಲೆ ನಡೆಸಿಕೊಂಡು ಹೋಗಿ ತೂಬಿನ ಕಲ್ಲು ತೋರಿಸಿದರು. ಕಲ್ಲಿನಲ್ಲಿ ನೀರು ಬಿಡುವ ಮೂರು ತೂತು, ಒಂದಕ್ಕೆ ನನ್ನ ಮುಷ್ಟಿ ಸರಿಯಾಗಿ ಹಿಡಿಯಿತು. "ರೊಕ್ಕ ಯಾರು ಕೊಟ್ಟಾರು ತಂಗಿ, ನಮ್ಮ ಮುತ್ಯಾ ಹೇಳತಿದ್ದ, ಮನಿಗೊಬ್ಬ ಆಳು ಹೋಗಬೇಕಿತ್ತು, ಸಂಜಿಗೆ ಜೋಳ ಅಳದು ಕೊಡತಿದ್ರು" ಅಂದರು. ಅಂದರೆ ಕಾಗದದಲ್ಲಿ ರೊಕ್ಕ ಇದೆ, ಊರ ನೆನಪಿನಲ್ಲಿ ಜೋಳ ಇದೆ. ಇದನ್ನು 187ನೇ ಪುಟದಲ್ಲಿ ಒಂದು ಪ್ಯಾರಾದಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೇನೆ.

ಕಲ್ಯಾಣನಗರ ಮೇಷ್ಟ್ರು:

ತಂಗಿ, ನಿಮ್ಮ ಮೊದಲ ಲೇಖನ ಸಿಕ್ಕಿತು. ಇನ್ನು ಹುಡುಕಬೇಡಿ.

ಆ ಪ್ಯಾರಾದಿಂದಲೇ ಶುರು ಮಾಡಿ. ಪ್ರಬಂಧದ ಹಾಗೆ "ಕೆರೆ ಎಂದರೇನು" ಅಂತ ಹಿಂದಿನವರು ಹೇಳಿದ್ದನ್ನೆಲ್ಲ 40 ಪುಟ ಬರೆದು ಆಮೇಲೆ ವಿಷಯಕ್ಕೆ ಬರಬೇಡಿ. ರೊಕ್ಕವಾ, ಜೋಳವಾ? ಎರಡೂ ನಿಜ ಆಗಿರಬಹುದಾ? ಸರ್ಕಾರದ ರೊಕ್ಕ ನಡುವೆ ಯಾರ ಕೈಗೆ ಹೋಯಿತು? ಗೌಡ ಕುಲಕರ್ಣಿಗಳ ಪಾತ್ರ ಏನು? ಅಥವಾ ಅಜ್ಜ ಹೇಳಿದ್ದು ಇನ್ನೂ ಹಳೆಯ ಕಾಲದ ಮಾತಾ? ಇಷ್ಟೇ ಪ್ರಶ್ನೆ, ಏಳೆಂಟು ಸಾವಿರ ಪದ ಸಾಕು. ಒಂದು ಊರಿನ ಸಾಕ್ಷಿ ಸಾಲದು ಅಂತ ವಿಮರ್ಶಕರು ಖಂಡಿತ ಕೇಳುತ್ತಾರೆ. ಆದ್ದರಿಂದ ಡಂಬಳದ ದೊಡ್ಡ ಕೆರೆ, ಹಾವೇರಿ ಕಡೆ ಮದಗ ಮಾಸೂರು, ಹೀಗೆ ಇನ್ನೆರಡು ಕಡೆ ಓಡಾಡಿ ಬನ್ನಿ. ನೀವು ಕೆಲಸ ಮಾಡುವ ಜಿಲ್ಲೆಯಲ್ಲೇ ಒಂದು ಇದೆಯಲ್ಲ. ಇನ್ನೊಂದು, ಗದಗ ಹಾವೇರಿ ಎರಡೂ 1997ರಲ್ಲಿ ಬೇರೆಯಾದ ಜಿಲ್ಲೆಗಳು. ಹಳೇ ಕಾಗದದಲ್ಲಿ ಎಲ್ಲ ಧಾರವಾಡ ಅಂತಲೇ ಇರುತ್ತದೆ. ಹೊರಗಿನ ಓದುಗರಿಗೆ ಇದು ಗೊತ್ತಿರುವುದಿಲ್ಲ, ಮೊದಲ ಪುಟದಲ್ಲೇ ಹೇಳಿ, ಒಂದು ನಕ್ಷೆ ಹಾಕಿ.

ಯಲ್ಲಾಪುರ ಓಣಿ:

ನಾನು ರಸಾಯನಶಾಸ್ತ್ರ. ನಮ್ಮ ಕಡೆ ಇದು ಬೇರೆ ತರಹ ಅಂತ ಹೇಳಲೇಬೇಕು, ಓದುವ ವಿಜ್ಞಾನದವರು ದಾರಿ ತಪ್ಪಬಾರದು. ಐಐಟಿಯಂಥ ಕಡೆ ಅರ್ಜಿ ಹಾಕುವವರಿಗೆ ಐದು ಲೇಖನದ ಮಿತಿ ಅಂತೆಲ್ಲ ಇಲ್ಲ. ಪಿಎಚ್‌ಡಿ ನಂತರದ ಸಂಶೋಧನೆ, ಅಂದರೆ ಪೋಸ್ಟ್‌ಡಾಕ್, ಆಗಿರಬೇಕು, ಗೈಡ್ ಇಲ್ಲದೆ ನೀವೇ ಯೋಚಿಸಿದ ಕೆಲಸ ಕಾಣಬೇಕು. ನಾನು ಪೋಸ್ಟ್‌ಡಾಕ್‌ಗೆ ಹೊರಗೆ ಹೋಗಿ ಮೂರು ವರ್ಷ ಇದ್ದು ಬಂದೆ. ಹೋಗುವಾಗ ಹಳೇ ವಿಷಯವನ್ನೇ ಇನ್ನೊಂದು ಲ್ಯಾಬ್‌ನಲ್ಲಿ ಮುಂದುವರಿಸಿದೆ. ಅದು ತಪ್ಪಾಯಿತು. ಹೊಸ ಒಂದು ಉಪಕರಣವಾದರೂ ಕೈಗೆ ಹತ್ತಿಸಿಕೊಂಡು ಬರಬೇಕಿತ್ತು. ವಾಪಸ್ ಬಂದ ಮೇಲೆ ಎಲ್ಲ ಸಂದರ್ಶನದಲ್ಲೂ ಕೇಳಿದ್ದು ಒಂದೇ, ನಿಮ್ಮ ಗೈಡ್ ಮಾಡಲಾರದ ಯಾವ ಕೆಲಸ ನೀವು ಮಾಡಬಲ್ಲಿರಿ?

ಆ ಪ್ರಶ್ನೆ ನಿಮಗೂ ಬರುತ್ತದೆ ಮೇಡಂ. ಎರಡು ವರ್ಷದಲ್ಲಿ ಪ್ರಬಂಧದ ಆಚೆಯ ಒಂದು ಹೊಸ ವಿಷಯಕ್ಕೂ ಬೀಜ ಹಾಕಿ ಇಡಿ. ಮರಾಠಿ ಬರೆಯಲು ಬಳಸುತ್ತಿದ್ದ ಹಳೇ ಮೋಡಿ ಲಿಪಿ ಓದಲು ಬರುತ್ತದಾ? ಪೇಶ್ವೆ ಕಾಲದ ಕಾಗದಗಳು ಅದರಲ್ಲೇ ಇವೆ ಅಂತ ನಮ್ಮ ಕಾಕಾ ಹೇಳುತ್ತಿದ್ದರು.

ಕೆರೆದಂಡೆ:

ಬರುವುದಿಲ್ಲ ಸರ್. ಅದಕ್ಕೇ ಪ್ರಬಂಧವನ್ನು ಇಂಗ್ಲಿಷರ ಕಾಲದಿಂದ ಶುರು ಮಾಡಿದೆ. ಈ ಬೇಸಿಗೆ ರಜೆಯಲ್ಲಿ ಕಲಿಯುತ್ತೇನೆ ಅಂತ ಇಲ್ಲೇ ಎಲ್ಲರ ಎದುರು ಬರೆದುಬಿಡುತ್ತೇನೆ. ಆಗ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮಾಳಮಡ್ಡಿ ಅಕ್ಷರ:

ಪ್ರಬಂಧ ಕನ್ನಡದಲ್ಲಿದೆಯಾ, ಇಂಗ್ಲಿಷಿನಲ್ಲಾ? ಕನ್ನಡದಲ್ಲಿ ಇದ್ದರೆ ಯಾವ ಫಾಂಟ್?

ಕೆರೆದಂಡೆ:

ಕನ್ನಡ. ನುಡಿಯಲ್ಲಿ ಟೈಪ್ ಮಾಡಿಸಿದ್ದು, ಡಿಟಿಪಿ ಅಂಗಡಿಯಲ್ಲಿ.

ಮಾಳಮಡ್ಡಿ ಅಕ್ಷರ:

ಅದೇ ಅಂದುಕೊಂಡೆ. ಹಳೇ ನುಡಿ ಫಾಂಟ್‌ನಲ್ಲಿ ಇದ್ದರೆ ನಿಮ್ಮ ಪ್ರಬಂಧ, ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಆನ್‌ಲೈನ್‌ನಲ್ಲಿ ಇಡುವ ಶೋಧಗಂಗಾದಲ್ಲಿ ಇದ್ದೂ ಇಲ್ಲದ ಹಾಗೆ. ನೋಡಲು ಕನ್ನಡ, ಒಳಗೆ ಕಂಪ್ಯೂಟರ್‌ಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ರಾಶಿ. ಯಾರಾದರೂ ಗೂಗಲ್‌ನಲ್ಲಿ "ಕೆರೆ ದುರಸ್ತಿ" ಅಂತ ಹುಡುಕಿದರೆ ಅದು ಬರುವುದೇ ಇಲ್ಲ. ಎಲ್ಲ ಕಂಪ್ಯೂಟರ್‌ಗಳೂ ಕನ್ನಡ ಅಂತಲೇ ಗುರುತಿಸುವ ಯುನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಂದೊಂದು ಕಡೆ ಕೆಡುತ್ತದೆ, ಕೂತು ತಿದ್ದಬೇಕು. ಒಂದು ಅಧ್ಯಾಯಕ್ಕೆ ಒಂದು ಭಾನುವಾರ ಹಿಡಿಯುತ್ತದೆ. ಮಾಡಿ, ಬಹಳ ಉಪಯೋಗ ಆಗುತ್ತದೆ. ಮುಂದಿನದ್ದೆಲ್ಲ ನೀವೇ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಡಿಟಿಪಿ ಅಂಗಡಿಗೆ ಕೊಟ್ಟರೆ ತಿದ್ದುಪಡಿಗೆ ಪ್ರತಿ ಸಲ ಅವರ ಬಾಗಿಲು ಕಾಯಬೇಕು.

ಜೊತೆಗೆ ಆರ್ಕಿಡ್ ಅನ್ನುವ 16 ಅಂಕಿಯ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಿ, ಉಚಿತ, ಐದು ನಿಮಿಷದ ಕೆಲಸ. ನಮ್ಮ ಕಡೆ ಒಂದೇ ಹೆಸರಿನವರು ಬಹಳ. ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮದುವೆ ಆದ ಮೇಲೆ ಅಡ್ಡಹೆಸರೇ ಬೇರೆ. ಆ ಸಂಖ್ಯೆ ಇದ್ದರೆ ಕೆಲಸ ನಿಮ್ಮದೇ ಅಂತ ತಿಳಿಯುತ್ತದೆ. ಆಕರಗಳನ್ನೂ ಟಿಪ್ಪಣಿಗಳನ್ನೂ ಜೋಡಿಸಿಡಲು ಝೊಟೆರೊ ಅನ್ನುವ ತಂತ್ರಾಂಶ ಬಳಸಿ, ಅದೂ ಉಚಿತ.

ಬೆಟಗೇರಿ ಮಗ್ಗ:

ಪುಸ್ತಕದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಐಎಸ್‌ಬಿಎನ್ ಕೊಡಿಸುತ್ತೇವೆ ಅಂತ ಆಸೆ ತೋರಿಸುತ್ತಾರೆ, ಅದಕ್ಕೆ ಮರುಳಾಗಬೇಡಿ. ಭಾರತದಲ್ಲಿ ಆ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅದು ಪುಸ್ತಕದ ಗುರುತು, ಗುಣಮಟ್ಟದ ಮುದ್ರೆ ಅಲ್ಲ. ಪತ್ರಿಕೆಗಳ ಐಎಸ್‌ಎಸ್‌ಎನ್ ಕೂಡ ಹಾಗೇ.

ಕಲ್ಯಾಣನಗರ ಮೇಷ್ಟ್ರು:

ಸರಿಯಾಗಿ ಹೇಳಿದಿರಿ. ಪ್ರಬಂಧ ಪರೀಕ್ಷಕರಿಗಾಗಿ ಬರೆದದ್ದು, ಪುಸ್ತಕ ಓದುಗರಿಗಾಗಿ. ಮೂರು ಲೇಖನ ಹೊರಗೆ ಬಂದು ನಾಲ್ಕು ಜನ ಬೈದ ಮೇಲೆ ಪುಸ್ತಕ ತಾನಾಗಿ ಹೊಳೆಯುತ್ತದೆ. ಆಗ ದುಡ್ಡು ಕೇಳದ ಪ್ರಕಾಶಕರೂ ಸಿಗುತ್ತಾರೆ.

ಲೇಖನವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ಆದರೆ ಒಂದನ್ನೇ ಎರಡು ಸಲ ಅಲ್ಲ. ರೊಕ್ಕ ಜೋಳದ ವಾದ ಇಂಗ್ಲಿಷಿಗೆ ಹೋಗಲಿ. ದಕ್ಷಿಣ ಭಾರತದ ಕೆರೆಗಳ ಚರ್ಚೆ ದೊಡ್ಡದಿದೆ, ಅಲ್ಲಿ ನಮ್ಮ ಸೀಮೆಯ ದನಿ ಕಮ್ಮಿ. ಮುಂಬೈಯ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಂಥ ಪತ್ರಿಕೆಗಳು ಲೇಖಕರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೊದಲ ಸಲ ವಾಪಸ್ ಬರಬಹುದು, ವಿಮರ್ಶೆಗೆ ತಿಂಗಳುಗಟ್ಟಲೆ ಹಿಡಿಯಬಹುದು, ಧೈರ್ಯ ಕೆಡಬೇಡಿ. ಪ್ರಬಂಧದಿಂದ ತೆಗೆದ ಲೇಖನ ಅಂತ ಸಂಪಾದಕರಿಗೆ ಬರೆಯುವ ಪತ್ರದಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಹೋಲಿಕೆ ಪರೀಕ್ಷೆಯಲ್ಲಿ ನಿಮ್ಮ ಪ್ರಬಂಧದ ಸಾಲುಗಳೇ ಕೃತಿಚೌರ್ಯ ಅಂತ ಕಾಣುತ್ತವೆ. ಅಜ್ಜನ ಮಾತು, ತೂಬಿನ ವಿವರ, ಊರಿನವರ ನೆನಪು ಕನ್ನಡದಲ್ಲೇ ಬರಲಿ. ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಇದೇ ಧಾರವಾಡದಲ್ಲಿ ಹುಟ್ಟಿತು. ಕನ್ನಡದಲ್ಲಿ ಗಟ್ಟಿಯಾಗಿ ಸಂಶೋಧನೆ ಬರೆಯುವ ಪರಂಪರೆ ಈ ಊರಿಗೆ ಇದೆ, ಅದನ್ನು ಕಡಿಮೆ ಅಂತ ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಹಾವೇರಿ ಅಕ್ಕ:

ಮದುವೆ, ಮಕ್ಕಳ ಮಾತು ಎಲ್ಲರೂ ಬಿಟ್ಟರು, ನಾನು ಹೇಳುತ್ತೇನೆ. ಇದನ್ನು ಓದುತ್ತಿರುವ, ಇನ್ನೂ ಪಿಎಚ್‌ಡಿ ಮುಗಿಸದ ಹೆಣ್ಣುಮಕ್ಕಳಿಗಾಗಿ. 2022ರ ಪಿಎಚ್‌ಡಿ ನಿಯಮಾವಳಿಯಲ್ಲಿ ಗರಿಷ್ಠ ಅವಧಿ ಆರು ವರ್ಷ, ಮಹಿಳೆಯರಿಗೆ ಇನ್ನೆರಡು ವರ್ಷ ಕೊಡಬಹುದು. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದ ರಜೆ ಇದೆ. ಅರ್ಜಿ ಬರೆದು ಸ್ವೀಕೃತಿ ತೆಗೆದುಕೊಂಡು ಹೋಗಿ. ನನಗೆ ಗೊತ್ತಿರುವ ಇಬ್ಬರು ಕೇಳಲು ಸಂಕೋಚಪಟ್ಟು ಪಿಎಚ್‌ಡಿಯನ್ನೇ ಬಿಟ್ಟರು. ಇಬ್ಬರೂ ನನಗಿಂತ ಜಾಣೆಯರು.

ಸಾಧನಕೇರಿ ಸಂಜೆ:

ನಾವು ನಾಲ್ಕು ಜನ ಪ್ರತಿ ತಿಂಗಳ ಎರಡನೇ ಭಾನುವಾರ ಸೇರುತ್ತೇವೆ. ಒಬ್ಬರು ಸಮಾಜಶಾಸ್ತ್ರ, ಒಬ್ಬರು ಕನ್ನಡ, ಒಬ್ಬರು ಕೃಷಿ ಅರ್ಥಶಾಸ್ತ್ರ, ನಾನು ಜಾನಪದ. ಒಬ್ಬರ ಬರಹ ಮೊದಲೇ ಓದಿಕೊಂಡು ಬಂದು ಎರಡು ತಾಸು ಅದರ ಮೇಲೆ ಮಾತಾಡುತ್ತೇವೆ. ಚೆನ್ನಾಗಿದೆ ಅಂತ ಸುಮ್ನೆ ಹೊಗಳುವಂತಿಲ್ಲ. ಎಲ್ಲಿ ಅರ್ಥ ಆಗಲಿಲ್ಲ ಅನ್ನುವುದನ್ನು ಮಾತ್ರ ಹೇಳಬೇಕು. ಮೂರು ವರ್ಷದಿಂದ ನಡೆದಿದೆ. ನನ್ನ ಎರಡು ಲೇಖನ ಅಲ್ಲಿ ಹರಿದು ಹೊಲಿದವೇ. ನಿಮ್ಮ ರೊಕ್ಕ ಜೋಳದ ಪ್ಯಾರಾ ಓದಿದ ಮೇಲೆ ನಿಮ್ಮನ್ನು ಕರೆಯದಿರಲು ಆಗುವುದಿಲ್ಲ. ಜೋಳ ಅಳೆದ ಮಾಪು ಯಾವುದು ಅಂತ ಅಜ್ಜ ಹೇಳಿದ್ದಾರಾ? ಸೇರಾ, ಪಡಿಯಾ? ಅದು ಗೊತ್ತಾದರೆ ಕೂಲಿ ಎಷ್ಟು ಅಂತ ಲೆಕ್ಕ ಹಾಕಿ ದಫ್ತರದ ಅಂಕಿ ಜೊತೆ ಇಟ್ಟು ನೋಡಬಹುದು.

ಕೆರೆದಂಡೆ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಹೇಳಲೇಬೇಕು ಅನಿಸಿತು.

ಸಾಧನಕೇರಿಯವರ ಪ್ರಶ್ನೆ ಓದಿದ ಶನಿವಾರವೇ ಊರಿಗೆ ಹೋದೆ. ಅಜ್ಜನಿಗೆ ಈಗ ಕಿವಿ ಇನ್ನೂ ಮಂದ. ಎರಡು ಸಲ ಕೂಗಿ ಕೇಳಿದ ಮೇಲೆ ಒಳಗಿನಿಂದ ಮರದ ಒಂದು ಮಾಪು ತರಿಸಿದರು. ಬಾಯಿಗೆ ಕಬ್ಬಿಣದ ಪಟ್ಟಿ, ಒಂದು ಕಡೆ ಸೀಳಿದೆ. "ಇದರಾಗ ಅಳೀತಿದ್ರು" ಅಂದರು. ಅವರ ಮೊಮ್ಮಗನಿಂದ ಜೋಳ ತುಂಬಿಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ, ಫೋಟೋ ತೆಗೆದೆ. ಇಷ್ಟು ವರ್ಷ ಇದನ್ನು ಕೇಳಬೇಕು ಅಂತ ನನಗೇ ಹೊಳೆದಿರಲಿಲ್ಲ.

ಹಾವೇರಿಯಲ್ಲಿ ರೂಮ್ ಆಯಿತು. ಟೈಮ್‌ಟೇಬಲ್ ಈ ಸೆಮಿಸ್ಟರ್ ಬದಲಾಗುವುದಿಲ್ಲ ಅಂದರು, ಮುಂದಿನದ್ದಕ್ಕೆ ಒಪ್ಪಿದ್ದಾರೆ. ಅಲ್ಲಿಯ ತನಕ ಬೆಳಗ್ಗೆ ಐದರಿಂದ ಏಳು ಬರೆಯುತ್ತಿದ್ದೇನೆ. ಗೈಡ್ ಮನೆಗೆ ಹೋಗಿ ಮೇಷ್ಟ್ರು ಹೇಳಿಕೊಟ್ಟ ಹಾಗೇ ಮಾತಾಡಿದೆ. ತುಸು ಹೊತ್ತು ಸುಮ್ಮನಿದ್ದು, "ಬರದು ತಗೊಂಡು ಬಾ, ನೋಡೂಣು" ಅಂದರು. ಒಪ್ಪಿದ ಹಾಗೇ ಅಂತ ತಿಳಿದುಕೊಂಡಿದ್ದೇನೆ. ಮೇಲ್‌ಗಳನ್ನು ಅಳಿಸಿದೆ.

ಕರಡು 11 ಪುಟ ಆಗಿದೆ, ಯುನಿಕೋಡ್‌ನಲ್ಲಿ. ಎರಡನೇ ಭಾನುವಾರಕ್ಕೆ ಬರಲಾ?

ಸಾಧನಕೇರಿ ಸಂಜೆ:

ಬನ್ನಿ. ಗುರುವಾರದೊಳಗೆ ಕಳಿಸಿದರೆ ಎಲ್ಲರೂ ಓದಿಕೊಂಡು ಬರುತ್ತಾರೆ. ಪ್ಯಾರಾಗಳಿಗೆ ನಂಬರ್ ಹಾಕಿ, ಮಾತಾಡಲು ಸುಲಭ ಆಗುತ್ತದೆ. ಆ ಮಾಪಿನ ಫೋಟೋ ತಪ್ಪದೆ ತನ್ನಿ.

ಬೆಟಗೇರಿ ಮಗ್ಗ:

ಗದಗಿನಿಂದ ನಾನೂ ಬರಬಹುದಾ? ಬೆಟಗೇರಿಯ ನೇಕಾರರ ಮೇಲೆ ಆರು ಪುಟ ಬರೆದಿದ್ದೇನೆ. ಯಾರಿಗೂ ಇನ್ನೂ ತೋರಿಸಿಲ್ಲ.

ಸಾಧನಕೇರಿ ಸಂಜೆ:

ನೀವೂ ಬನ್ನಿ ಸರ್. ನಿಮ್ಮದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳೋಣ.